ಕಾಫಿ ತೋಟಗಳ ವಲಸೆ ಕಾರ್ಮಿಕರ ಆರೋಗ್ಯ ವಿಮೆ ಮತ್ತು ಪಿಂಚಣಿ

ಕಾಫಿ ತೋಟಗಳ ವಲಸೆ ಕಾರ್ಮಿಕರ ಆರೋಗ್ಯ ವಿಮೆ ಮತ್ತು ಪಿಂಚಣಿ ಎಂಬುದು ಕರ್ನಾಟಕದ ಕಾಫಿ ಬೆಳೆಯುವ ಪ್ರದೇಶಗಳಿಗೆ ಹೊರರಾಜ್ಯಗಳಿಂದ ದುಡಿಯಲು ಬರುವವರಿಗೆ ಲಭ್ಯವಿರುವ ಸಾಮಾಜಿಕ ಭದ್ರತಾ ಯೋಜನೆಗಳು, ಅವುಗಳ ಕಾನೂನು ಹಿನ್ನೆಲೆ ಹಾಗೂ ನೋಂದಣಿಯ ಕ್ರಮವನ್ನು ಕುರಿತ ವಿಷಯವಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮತ್ತು ಕಳಸ ತಾಲ್ಲೂಕುಗಳಲ್ಲಿ, ವಿಶೇಷವಾಗಿ ಕೊಟ್ಟಿಗೆಹಾರ, ಬಣಕಲ್ ಸುತ್ತಮುತ್ತಲಿನ ತೋಟಗಳಲ್ಲಿ, ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಮೊದಲಾದ ರಾಜ್ಯಗಳ ಕಾರ್ಮಿಕರು ದುಡಿಯುತ್ತಿದ್ದಾರೆ. ಇವರಿಗೆ ಅನ್ವಯಿಸುವ ಸೌಲಭ್ಯಗಳು ಮೂರು ಮೂಲಗಳಿಂದ ಬರುತ್ತವೆ: ತೋಟದ ಮಾಲೀಕರು ಕಾನೂನಿನಂತೆ ಒದಗಿಸಬೇಕಾದವು, ಕೇಂದ್ರ ಸರ್ಕಾರದ ಯೋಜನೆಗಳು ಮತ್ತು ಕಾರ್ಮಿಕರ ಸ್ವಂತ ರಾಜ್ಯದ ಯೋಜನೆಗಳು. ಒಬ್ಬ ಕಾರ್ಮಿಕನಿಗೆ ಇವುಗಳಲ್ಲಿ ಯಾವುದು ದೊರೆಯುತ್ತದೆ ಎಂಬುದು ತೋಟದ ವಿಸ್ತೀರ್ಣ, ಕೆಲಸಗಾರರ ಸಂಖ್ಯೆ, ದುಡಿದ ಅವಧಿ ಮತ್ತು ಅವನ ಬಳಿ ಇರುವ ದಾಖಲೆಗಳನ್ನು ಅವಲಂಬಿಸಿದೆ.

ಪ್ರದೇಶ ಮತ್ತು ಕೆಲಸದ ಸ್ವರೂಪ

ಕೊಟ್ಟಿಗೆಹಾರವು ಮೂಡಿಗೆರೆ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯ ಬಳಿ, ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರ ಮೇಲಿರುವ ಕೂಡುರಸ್ತೆಯ ಊರು. ಇಲ್ಲಿಂದ ಒಂದು ದಾರಿ ಘಾಟಿಯಿಳಿದು ಉಜಿರೆಗೆ, ಇನ್ನೊಂದು ಮೂಡಿಗೆರೆಗೆ, ಮತ್ತೊಂದು ಕಳಸ–ಹೊರನಾಡಿನ ಕಡೆಗೆ ಸಾಗುತ್ತದೆ. ಹಿಂದೆ ಮೂಡಿಗೆರೆ ತಾಲ್ಲೂಕಿನ ಭಾಗವಾಗಿದ್ದ ಕಳಸ ಈಗ ಪ್ರತ್ಯೇಕ ತಾಲ್ಲೂಕಾಗಿದೆ.

ಕಾಫಿ ತೋಟದ ಕೆಲಸ ವರ್ಷವಿಡೀ ಇದ್ದರೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಅದರ ಬೆನ್ನಿಗೇ ಮಾರ್ಚ್‌ವರೆಗೆ ನಡೆಯುತ್ತದೆ. ಕಾಳುಮೆಣಸಿನ ಕೊಯ್ಲೂ ಇದೇ ಕಾಲಕ್ಕೆ ಬರುತ್ತದೆ. ಮರಗಸಿ, ಕಳೆ ತೆಗೆಯುವುದು, ಗೊಬ್ಬರ ಹಾಕುವುದು ಮುಂತಾದ ಕೆಲಸಗಳು ಉಳಿದ ತಿಂಗಳುಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ತೋಟಗಳಲ್ಲಿ ಎರಡು ಬಗೆಯ ಕಾರ್ಮಿಕರನ್ನು ಕಾಣಬಹುದು: ಲೈನ್ ಮನೆಗಳಲ್ಲಿ ಸಂಸಾರ ಸಮೇತ ನೆಲೆಸಿ ವರ್ಷವಿಡೀ ದುಡಿಯುವವರು, ಕೊಯ್ಲಿನ ಮೂರು ನಾಲ್ಕು ತಿಂಗಳಿಗೆ ಬಂದು ಹಿಂದಿರುಗುವವರು. ಸಾಮಾಜಿಕ ಭದ್ರತೆಯ ನಿಯಮಗಳು ಈ ಎರಡು ವರ್ಗಗಳನ್ನು ಬೇರೆ ಬೇರೆಯಾಗಿ ಮುಟ್ಟುತ್ತವೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳು ವಿಸ್ತರಿಸಿದಾಗ ಸ್ಥಳೀಯರಷ್ಟೇ ದುಡಿದು ಮುಗಿಸಲಾರದಷ್ಟು ಕೆಲಸ ಸೃಷ್ಟಿಯಾಯಿತು. ಘಟ್ಟದ ಕೆಳಗಿನ ತುಳುನಾಡಿನಿಂದ, ಬಯಲುಸೀಮೆಯಿಂದ ಮತ್ತು ತಮಿಳುನಾಡಿನಿಂದ ಕೂಲಿಗಾರರು ಬಂದರು. ಮೇಸ್ತ್ರಿಗಳು ಊರೂರಿಗೆ ಹೋಗಿ ಮುಂಗಡ ಹಣ ಕೊಟ್ಟು ಜನರನ್ನು ಕರೆತರುವುದು ಅಂದಿನ ಪದ್ಧತಿಯಾಗಿತ್ತು. ಬ್ರಿಟಿಷ್ ಭಾರತದಲ್ಲಿ ಜಾರಿಯಾದ 1859ರ ಕರಾರು ಭಂಗ ಕಾಯ್ದೆಯು ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸುವ ಉದ್ದೇಶ ಹೊಂದಿತ್ತು. ಕಾಯಿಲೆ ಅಥವಾ ಮುಪ್ಪಿನಲ್ಲಿ ಕಾರ್ಮಿಕನನ್ನು ನೋಡಿಕೊಳ್ಳುವ ಹೊಣೆ ಅದರಲ್ಲಿ ಇರಲಿಲ್ಲ. ಸ್ವಾತಂತ್ರ್ಯಾನಂತರದ ಕಾನೂನುಗಳು ಈ ಹೊಣೆಯನ್ನು ಮಾಲೀಕರ ಮೇಲೂ ಸರ್ಕಾರದ ಮೇಲೂ ಇರಿಸಿದವು.

ಇತ್ತೀಚಿನ ದಶಕಗಳಲ್ಲಿ ಸ್ಥಳೀಯ ಕುಟುಂಬಗಳ ಮಕ್ಕಳು ವಿದ್ಯಾಭ್ಯಾಸ ಪಡೆದು ಬೇರೆ ಉದ್ಯೋಗಗಳತ್ತ ಹೋದಂತೆ ತೋಟಗಳು ಈಶಾನ್ಯ ಮತ್ತು ಪೂರ್ವ ಭಾರತದ ಕಾರ್ಮಿಕರನ್ನು ಹೆಚ್ಚಾಗಿ ಅವಲಂಬಿಸತೊಡಗಿದವು.

ಕಾನೂನು ಚೌಕಟ್ಟು

ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, 1951

ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ ತೋಟಗಳಿಗಾಗಿ ರೂಪುಗೊಂಡ ಈ ಕಾಯ್ದೆ 1954ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 1981ರ ತಿದ್ದುಪಡಿಯ ನಂತರ 5 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ, 15 ಅಥವಾ ಹೆಚ್ಚು ಕೆಲಸಗಾರರಿರುವ ತೋಟಗಳಿಗೆ ಅದು ಅನ್ವಯಿಸಿತು. ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ, ವಸತಿ, ಕಾಯಿಲೆ ಭತ್ಯೆ ಮತ್ತು 50 ಅಥವಾ ಹೆಚ್ಚು ಮಹಿಳಾ ಕೆಲಸಗಾರರಿರುವಲ್ಲಿ ಶಿಶುವಿಹಾರವನ್ನು ಮಾಲೀಕರೇ ಒದಗಿಸಬೇಕೆಂದು ಅದು ವಿಧಿಸಿತು. ತೋಟದ ಹೊರಗೆ ವಾಸಿಸುವ ಕಾರ್ಮಿಕನು ವಸತಿ ಕೇಳಬೇಕಾದರೆ ಆರು ತಿಂಗಳ ನಿರಂತರ ಸೇವೆ ಸಲ್ಲಿಸಿರಬೇಕಿತ್ತು. ಹಂಗಾಮಿ ಕಾರ್ಮಿಕರು ಈ ಷರತ್ತಿನಿಂದಾಗಿ ಹೊರಗುಳಿಯುತ್ತಿದ್ದರು.

ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, 1979

ಗುತ್ತಿಗೆದಾರರ ಮೂಲಕ ಹೊರರಾಜ್ಯದಿಂದ ಕರೆತಂದ ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುತ್ತಿತ್ತು. ಭಾವಚಿತ್ರವಿರುವ ಪಾಸ್‌ಪುಸ್ತಕ, ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆ ಮತ್ತು ಉಚಿತ ವೈದ್ಯಕೀಯ ಸೌಲಭ್ಯ ಅದರ ಮುಖ್ಯ ಅಂಶಗಳು. ಗುತ್ತಿಗೆದಾರನಿಲ್ಲದೆ, ಪರಿಚಿತರ ಮಾತಿನ ಮೇಲೆ ತಾವಾಗಿಯೇ ರೈಲು ಹತ್ತಿ ಬರುವವರು ಇದರ ವ್ಯಾಪ್ತಿಯಲ್ಲಿ ಇರಲಿಲ್ಲ.

2020ರ ಸಂಹಿತೆಗಳು

ಮೇಲಿನ ಎರಡೂ ಕಾಯ್ದೆಗಳನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿ ವಿಲೀನಗೊಳಿಸಲಾಯಿತು. ಭವಿಷ್ಯ ನಿಧಿ, ರಾಜ್ಯ ವಿಮೆ, ಹೆರಿಗೆ ಸೌಲಭ್ಯ, ಉಪದಾನ ಸೇರಿದಂತೆ ಒಂಬತ್ತು ಕಾಯ್ದೆಗಳನ್ನು ಸಾಮಾಜಿಕ ಭದ್ರತಾ ಸಂಹಿತೆ, 2020 ಒಂದುಗೂಡಿಸಿತು. ಈ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ತಾವಾಗಿಯೇ ವಲಸೆ ಬಂದವರನ್ನೂ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಗುರುತಿಸಿರುವುದು ಮತ್ತು ಸ್ವಂತ ಊರಿಗೆ ಹೋಗಿಬರಲು ಪ್ರಯಾಣ ಭತ್ಯೆ ನೀಡುವ ಹೊಣೆಯನ್ನು ಮಾಲೀಕರ ಮೇಲೆ ಇರಿಸಿರುವುದು ಹೊಸ ಏರ್ಪಾಡಿನ ಗಮನಾರ್ಹ ಬದಲಾವಣೆ. ಹಳೆಯ ಕಾಯ್ದೆಯಲ್ಲಿದ್ದ ಸ್ಥಳಾಂತರ ಭತ್ಯೆ ಹೊಸ ಸಂಹಿತೆಯಲ್ಲಿ ಉಳಿದಿಲ್ಲ.

ಆರೋಗ್ಯ ವಿಮೆ

ನೌಕರರ ರಾಜ್ಯ ವಿಮೆ

ನೌಕರರ ರಾಜ್ಯ ವಿಮಾ (ಇಎಸ್‌ಐ) ಯೋಜನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದ ನೌಕರರಿಗೆ ಚಿಕಿತ್ಸೆ, ಕಾಯಿಲೆ ಭತ್ಯೆ ಮತ್ತು ಅವಲಂಬಿತರ ಸೌಲಭ್ಯಗಳಿವೆ. 2019ರ ಜುಲೈ 1ರಿಂದ ನೌಕರನ ವಂತಿಗೆ ಶೇ. 0.75 ಹಾಗೂ ಮಾಲೀಕನ ವಂತಿಗೆ ಶೇ. 3.25 ಆಗಿದೆ. ತೋಟಗಳಲ್ಲಿ ವೈದ್ಯಕೀಯ ಹೊಣೆಯನ್ನು 1951ರ ಕಾಯ್ದೆಯೇ ಮಾಲೀಕರಿಗೆ ವಹಿಸಿದ್ದರಿಂದ ತೋಟದ ಕಾರ್ಮಿಕರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಯ ಹೊರಗಿದ್ದರು. ಸಾಮಾಜಿಕ ಭದ್ರತಾ ಸಂಹಿತೆಯು, ತಾವು ನೀಡುತ್ತಿರುವ ಸೌಲಭ್ಯಕ್ಕಿಂತ ಇಎಸ್‌ಐ ಉತ್ತಮವಾಗಿದ್ದಲ್ಲಿ ತೋಟದ ಮಾಲೀಕರು ಸ್ವ-ಇಚ್ಛೆಯಿಂದ ಅದಕ್ಕೆ ಸೇರಲು ಅವಕಾಶ ಕಲ್ಪಿಸಿದೆ. ಇದು ಮಾಲೀಕರ ಆಯ್ಕೆ. ಕಾರ್ಮಿಕನು ಒಬ್ಬನೇ ಅರ್ಜಿ ಹಾಕಿ ಸೇರುವಂತಿಲ್ಲ.

ಆಯುಷ್ಮಾನ್ ಭಾರತ್

ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯನ್ನು 2018ರ ಸೆಪ್ಟೆಂಬರ್ 23ರಂದು ಜಾರ್ಖಂಡ್‌ನ ರಾಂಚಿಯಲ್ಲಿ ಉದ್ಘಾಟಿಸಲಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆಯ ವೆಚ್ಚವನ್ನು ಇದು ಭರಿಸುತ್ತದೆ. ಮೊದಲೇ ಇದ್ದ ಕಾಯಿಲೆಗಳಿಗೂ ಮೊದಲ ದಿನದಿಂದ ರಕ್ಷಣೆ ಇದೆ. ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ.

ಕರ್ನಾಟಕವು 2018ರ ಮಾರ್ಚ್‌ನಲ್ಲಿ ಆರಂಭಿಸಿದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್‌ನೊಂದಿಗೆ ಒಂದುಗೂಡಿಸಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಿರ್ವಹಿಸುತ್ತದೆ. ರಾಜ್ಯದ ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಗಳಿಗೆ 5 ಲಕ್ಷ ರೂಪಾಯಿಯ ಮಿತಿ ಅನ್ವಯಿಸುತ್ತದೆ. ತುರ್ತು ಸಂದರ್ಭಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಹೊರರಾಜ್ಯದ ಕಾರ್ಮಿಕರಲ್ಲಿ ಕರ್ನಾಟಕದ ಪಡಿತರ ಚೀಟಿ ಇರುವುದಿಲ್ಲವಾದ್ದರಿಂದ ಅವರು ತಮ್ಮ ರಾಜ್ಯದಲ್ಲಿ ಪಡೆದ ಆಯುಷ್ಮಾನ್ ಕಾರ್ಡನ್ನು ಬಳಸಬೇಕಾಗುತ್ತದೆ. ಈ ಕಾರ್ಡು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಮಾನ್ಯವಾಗಿದೆ. ಅಸ್ಸಾಂ, ಜಾರ್ಖಂಡ್ ಮತ್ತು ಬಿಹಾರ ರಾಜ್ಯಗಳು ಯೋಜನೆಯಲ್ಲಿವೆ. ಒಡಿಶಾ 2025ರ ಜನವರಿಯಲ್ಲಿ ಸೇರಿತು. ಪಶ್ಚಿಮ ಬಂಗಾಳವು 2019ರ ಜನವರಿಯಲ್ಲಿ ಯೋಜನೆಯಿಂದ ಹೊರಬಂದು ಸ್ವಾಸ್ಥ್ಯ ಸಾಥಿ ಎಂಬ ತನ್ನದೇ ಯೋಜನೆಯನ್ನು ಮುಂದುವರಿಸಿತು. ಆ ರಾಜ್ಯದ ಕಾರ್ಡು ಹೊಂದಿರುವವರು ಕರ್ನಾಟಕದ ಆಸ್ಪತ್ರೆ ತಮ್ಮ ಯೋಜನೆಯಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕಾಗುತ್ತದೆ.

ಇದಕ್ಕೂ ಮೊದಲು, 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಐದು ಜನರ ಕುಟುಂಬಕ್ಕೆ 30,000 ರೂಪಾಯಿಯ ರಕ್ಷಣೆ ಇತ್ತು. ವಲಸೆ ಹೋಗುವವನಿಗೆ ಒಂದು, ಊರಿನಲ್ಲಿ ಉಳಿಯುವ ಸಂಸಾರಕ್ಕೆ ಒಂದು ಎಂದು ಕಾರ್ಡನ್ನು ವಿಭಜಿಸುವ ಅವಕಾಶ ಅದರಲ್ಲಿತ್ತು.

ಹೆರಿಗೆ ಸೌಲಭ್ಯ

1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯಿಸುವಂತಿತ್ತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಮಹಿಳೆ ವೇತನಸಹಿತ ರಜೆಗೆ ಅರ್ಹಳು. ಮೊದಲ ಎರಡು ಮಕ್ಕಳಿಗೆ ಈ ಅವಧಿ 2017ರಿಂದ 26 ವಾರ. ಸಂಹಿತೆಯಲ್ಲೂ ಈ ಮಿತಿಗಳು ಮುಂದುವರಿದಿವೆ. ಒಂದು ಪೂರ್ಣ ಕೊಯ್ಲಿನ ಹಂಗಾಮಿನಲ್ಲಿ 80 ದಿನಗಳ ಕೆಲಸ ಅಸಾಧ್ಯವಲ್ಲವಾದ್ದರಿಂದ ಹಾಜರಿ ಪುಸ್ತಕದಲ್ಲಿ ಹೆಸರು ದಾಖಲಾಗುವುದು ಇಲ್ಲಿ ನಿರ್ಣಾಯಕ. ಗಂಡನ ಹೆಸರಿನಲ್ಲಿಯೇ ಇಬ್ಬರ ಕೂಲಿಯನ್ನೂ ಬರೆದರೆ ಹೆಂಡತಿಯ ದುಡಿಮೆಗೆ ದಾಖಲೆ ಉಳಿಯುವುದಿಲ್ಲ.

ಪಿಂಚಣಿ

ಭವಿಷ್ಯ ನಿಧಿ ಮತ್ತು ನೌಕರರ ಪಿಂಚಣಿ ಯೋಜನೆ

20 ಅಥವಾ ಹೆಚ್ಚು ಜನರು ದುಡಿಯುವ ತೋಟಗಳಿಗೆ ನೌಕರರ ಭವಿಷ್ಯ ನಿಧಿ (ಇಪಿಎಫ್) ಕಡ್ಡಾಯ. ಗುತ್ತಿಗೆದಾರರ ಮೂಲಕ ಬಂದವರನ್ನೂ ಸೇರಿಸಿ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಸದಸ್ಯತ್ವ ನೀಡಬೇಕು. ನೌಕರನ ವೇತನದ ಶೇ. 12ರಷ್ಟು ಕಡಿತವಾಗುತ್ತದೆ, ಮಾಲೀಕನೂ ಅಷ್ಟೇ ವಂತಿಗೆ ಕೊಡುತ್ತಾನೆ. ಮಾಲೀಕನ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ, ಉಳಿದ ಶೇ. 3.67 ಭವಿಷ್ಯ ನಿಧಿಗೆ ಸೇರುತ್ತದೆ. 2014ರ ಸೆಪ್ಟೆಂಬರ್ 1ರಿಂದ ಪಿಂಚಣಿಯ ಲೆಕ್ಕಕ್ಕೆ ವೇತನದ ಮಿತಿ 15,000 ರೂಪಾಯಿ. ಈ ಸಂಘಟನೆಯ ಪ್ರಾದೇಶಿಕ ಕಚೇರಿ ಚಿಕ್ಕಮಗಳೂರಿನಲ್ಲಿದೆ.

ನೌಕರರ ಪಿಂಚಣಿ ಯೋಜನೆಯು 1995ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಹತ್ತು ವರ್ಷಗಳ ಅರ್ಹ ಸೇವೆ ಪೂರೈಸಿದವರಿಗೆ 58ನೆಯ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವ ಮೊತ್ತವೇ ಮಾಸಿಕ ಪಿಂಚಣಿ. ಉದಾಹರಣೆಗೆ, ಸರಾಸರಿ ವೇತನ 12,000 ರೂಪಾಯಿ ಮತ್ತು ಸೇವೆ 10 ವರ್ಷವಾಗಿದ್ದರೆ ಪಿಂಚಣಿ ಸುಮಾರು 1,714 ರೂಪಾಯಿ. ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿಗೆ ನಿಗದಿಪಡಿಸಲಾಯಿತು. ಸೇವೆಯಲ್ಲಿದ್ದಾಗ ಸದಸ್ಯನು ಮೃತಪಟ್ಟರೆ, ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಅವನ ಪತ್ನಿಗೆ ಪಿಂಚಣಿ ಸಲ್ಲುತ್ತದೆ.

ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವವರಿಗೆ ಹತ್ತು ವರ್ಷಗಳ ಸೇವೆ ಎಂದೂ ತುಂಬುವುದಿಲ್ಲ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ 1995ರ ಯೋಜನೆಯಲ್ಲಿ ಹಂಗಾಮಿ ನೌಕರರಿಗೆ ವಿಶೇಷ ವಿವರಣೆ ಇದೆ: ಒಂದು ವರ್ಷದಲ್ಲಿ ಅವರು ಸಲ್ಲಿಸಿದ ಸೇವೆ ವರ್ಷಕ್ಕಿಂತ ಕಡಿಮೆಯಾಗಿದ್ದರೂ ಅದನ್ನು ಪೂರ್ಣ ವರ್ಷವೆಂದೇ ಎಣಿಸಬೇಕು. ಹೀಗಾಗಿ ಹತ್ತು ಹಂಗಾಮುಗಳ ವಂತಿಗೆ ಪಿಂಚಣಿಯ ಅರ್ಹತೆಗೆ ಸಾಕಾಗಬಲ್ಲದು. ಇದಕ್ಕೆ ಪ್ರತಿ ಹಂಗಾಮಿನಲ್ಲಿಯೂ ಮಾಲೀಕರು ಕಾರ್ಮಿಕನನ್ನು ಹಂಗಾಮಿ ನೌಕರನೆಂದು ದಾಖಲಿಸಿ ವಂತಿಗೆ ತುಂಬಿರಬೇಕು ಮತ್ತು ಎಲ್ಲ ಸೇವೆಯೂ ಒಂದೇ ಖಾತೆ ಸಂಖ್ಯೆಯಡಿ ಸೇರಿರಬೇಕು.

ಹತ್ತು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟವರಿಗೆ ಎರಡು ದಾರಿಗಳಿವೆ. ನಮೂನೆ 10-ಸಿ ಸಲ್ಲಿಸಿ ಪಿಂಚಣಿ ನಿಧಿಯ ಹಣವನ್ನು ಹಿಂಪಡೆಯಬಹುದು. ಅಥವಾ ಅದೇ ನಮೂನೆಯ ಮೂಲಕ ಯೋಜನಾ ಪ್ರಮಾಣಪತ್ರ ಪಡೆದು ಸೇವೆಯನ್ನು ಮುಂದಿನ ಉದ್ಯೋಗಕ್ಕೆ ಜೋಡಿಸಬಹುದು. ಹಣ ಹಿಂಪಡೆದರೆ ಅಷ್ಟು ವರ್ಷಗಳ ಸೇವೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಪ್ರತಿ ಹಂಗಾಮಿನ ಕೊನೆಗೆ ಹಣ ಹಿಂಪಡೆಯುತ್ತ ಹೋದವರಿಗೆ ಮುಪ್ಪಿನಲ್ಲಿ ಪಿಂಚಣಿ ದೊರೆಯುವುದಿಲ್ಲ.

2025ರ ಜನವರಿ 1ರಿಂದ ಕೇಂದ್ರೀಕೃತ ಪಿಂಚಣಿ ಪಾವತಿ ವ್ಯವಸ್ಥೆ ಜಾರಿಯಾಗಿದ್ದು, ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಿಂಚಣಿ ಪಡೆಯಬಹುದು. ಮೂಡಿಗೆರೆಯ ತೋಟದಲ್ಲಿ ದುಡಿದವನು ನಿವೃತ್ತಿಯ ಬಳಿಕ ಅಸ್ಸಾಂನ ತನ್ನ ಊರಿನಲ್ಲಿಯೇ ಹಣ ಪಡೆಯಲು ಇದರಿಂದ ಅನುಕೂಲವಾಗಿದೆ. ಆದರೆ ಅಸ್ಸಾಂನ ಚಹಾ ತೋಟಗಳಿಗೆ 1955ರ ಪ್ರತ್ಯೇಕ ರಾಜ್ಯ ಕಾಯ್ದೆಯಡಿ ಬೇರೆಯೇ ಭವಿಷ್ಯ ನಿಧಿ ಇದೆ. ಮೊದಲು ಅಲ್ಲಿ ದುಡಿದು ಕರ್ನಾಟಕಕ್ಕೆ ಬಂದವರು ಅದನ್ನು ಇಲ್ಲಿನ ಇಪಿಎಫ್ ಖಾತೆಯೆಂದು ಭಾವಿಸಬಾರದು.

ಅಸಂಘಟಿತ ಕಾರ್ಮಿಕರ ಪಿಂಚಣಿ

ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣ ಬೆಳೆಗಾರರವು. 20ಕ್ಕಿಂತ ಕಡಿಮೆ ಕೆಲಸಗಾರರಿರುವ ಇಂಥ ತೋಟಗಳಿಗೆ ಭವಿಷ್ಯ ನಿಧಿ ಕಡ್ಡಾಯವಲ್ಲ. ಮಾಲೀಕರು ಮತ್ತು ಹೆಚ್ಚಿನ ನೌಕರರು ಒಪ್ಪಿದರೆ ಸ್ವ-ಇಚ್ಛೆಯಿಂದ ಸೇರಬಹುದು. ಇಲ್ಲವಾದಲ್ಲಿ ಕಾರ್ಮಿಕನು ತಾನೇ ಸೇರಬಹುದಾದ ಎರಡು ಯೋಜನೆಗಳಿವೆ.

ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಯೋಜನೆ 2019ರಲ್ಲಿ ಆರಂಭವಾಯಿತು. ಮಾಸಿಕ ಆದಾಯ 15,000 ರೂಪಾಯಿ ಮೀರದ, 18ರಿಂದ 40 ವರ್ಷದೊಳಗಿನವರು ಸೇರಬಹುದು. ಸೇರುವ ವಯಸ್ಸಿಗೆ ಅನುಗುಣವಾಗಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಕೇಂದ್ರ ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ. 60 ವರ್ಷದ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಇದೆ. ಇಪಿಎಫ್ ಅಥವಾ ಇಎಸ್‌ಐ ಸದಸ್ಯರಿಗೆ ಇದರಲ್ಲಿ ಪ್ರವೇಶವಿಲ್ಲ.

ಅಟಲ್ ಪಿಂಚಣಿ ಯೋಜನೆ 2015ರ ಜೂನ್ 1ರಿಂದ ಜಾರಿಯಲ್ಲಿದೆ. 18ರಿಂದ 40 ವರ್ಷದೊಳಗಿನ ಭಾರತೀಯ ಪ್ರಜೆಗಳು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಯ ಮೂಲಕ ಸೇರಬಹುದು. ಪಿಂಚಣಿ 1,000ದಿಂದ 5,000 ರೂಪಾಯಿವರೆಗೆ, ಆಯ್ಕೆ ಮಾಡಿಕೊಂಡಂತೆ ಇರುತ್ತದೆ. 5,000 ರೂಪಾಯಿ ಪಿಂಚಣಿಗೆ 18ನೆಯ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ, 40ನೆಯ ವಯಸ್ಸಿನಲ್ಲಿ ಸೇರಿದವರು 1,454 ರೂಪಾಯಿ ಕಟ್ಟಬೇಕಾಗುತ್ತದೆ. ಆದಾಯ ತೆರಿಗೆ ಪಾವತಿದಾರರು 2022ರ ಅಕ್ಟೋಬರ್ 1ರ ನಂತರ ಸೇರುವಂತಿಲ್ಲ.

ನೋಂದಣಿಯ ಕ್ರಮ

ನೋಂದಣಿಗೆ ಮೂಲಭೂತವಾಗಿ ಬೇಕಾದವು ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ.

1. ಇ-ಶ್ರಮ್: ವಲಸೆ ಕಾರ್ಮಿಕರ ಸಂಕಷ್ಟ ಕುರಿತು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ರಾಷ್ಟ್ರೀಯ ದತ್ತಾಂಶ ಸಿದ್ಧಪಡಿಸಲು ಸೂಚಿಸಿತು. ಇ-ಶ್ರಮ್ ಜಾಲತಾಣ 2021ರ ಆಗಸ್ಟ್ 26ರಂದು ಆರಂಭವಾಯಿತು. 16ರಿಂದ 59 ವರ್ಷದ, ಇಪಿಎಫ್ ಮತ್ತು ಇಎಸ್‌ಐ ಸದಸ್ಯರಲ್ಲದ ಅಸಂಘಟಿತ ಕಾರ್ಮಿಕರು ಉಚಿತವಾಗಿ ನೋಂದಾಯಿಸಬಹುದು. 2025ರ ಜನವರಿಯಿಂದ ಜಾಲತಾಣ 22 ಭಾಷೆಗಳಲ್ಲಿ ಲಭ್ಯವಿದೆ. ಸಹಾಯವಾಣಿ 14434.

2. ಭವಿಷ್ಯ ನಿಧಿ: ಕಾರ್ಮಿಕನು ನಮೂನೆ 11ರಲ್ಲಿ ಘೋಷಣೆ ನೀಡುತ್ತಾನೆ. ಮೊದಲೇ ಖಾತೆ ಸಂಖ್ಯೆ ಇದ್ದರೆ ಅದನ್ನೇ ತಿಳಿಸಬೇಕು. ಹೊಸ ಸಂಖ್ಯೆಯನ್ನು 2025ರ ಆಗಸ್ಟ್‌ನಿಂದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣದ ಮೂಲಕ ಪಡೆಯಬೇಕು. ನಾಮನಿರ್ದೇಶನವನ್ನೂ ಆಗಲೇ ಮಾಡುವುದು ಸೂಕ್ತ. ಸಹಾಯವಾಣಿ 14470.

3. ಆಯುಷ್ಮಾನ್ ಕಾರ್ಡ್: ಅರ್ಹತೆಯನ್ನು 14555 ಸಂಖ್ಯೆಗೆ ಕರೆ ಮಾಡಿ ಅಥವಾ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಬಹುದು.

4. ಶ್ರಮಯೋಗಿ ಮಾನಧನ್: ಸಾಮಾನ್ಯ ಸೇವಾ ಕೇಂದ್ರದಲ್ಲಿ ಮೊದಲ ಕಂತನ್ನು ನಗದಾಗಿ ಕಟ್ಟಿ ಸೇರಬಹುದು, ಮುಂದಿನ ಕಂತುಗಳು ಖಾತೆಯಿಂದ ತಾವಾಗಿಯೇ ಕಡಿತವಾಗುತ್ತವೆ.

ಇ-ಶ್ರಮ್ ಮತ್ತು ಭವಿಷ್ಯ ನಿಧಿ ಎರಡೂ ನೀಡುವ ಸಂಖ್ಯೆಗಳಿಗೆ ಯುಎಎನ್ ಎಂಬ ಒಂದೇ ಹೆಸರಿದ್ದು, ಎರಡೂ 12 ಅಂಕಿಗಳವು. ಇವು ಬೇರೆ ಬೇರೆ. ಇ-ಶ್ರಮ್ ಕಾರ್ಡು ನೋಂದಣಿಯ ಗುರುತು ಮಾತ್ರ. ಅದರಿಂದ ತಾನಾಗಿಯೇ ಪಿಂಚಣಿಯಾಗಲಿ ಆರೋಗ್ಯ ವಿಮೆಯಾಗಲಿ ದೊರೆಯುವುದಿಲ್ಲ.

ವಿದೇಶಿ ಪ್ರಜೆಗಳು

ಭಾರತದಲ್ಲಿ ದುಡಿಯುವ ವಿದೇಶಿಯರನ್ನು 2008ರ ಅಕ್ಟೋಬರ್‌ನ ಅಧಿಸೂಚನೆಯ ಮೂಲಕ ಅಂತರರಾಷ್ಟ್ರೀಯ ಕಾರ್ಮಿಕರೆಂಬ ಪ್ರತ್ಯೇಕ ವರ್ಗವಾಗಿ ಭವಿಷ್ಯ ನಿಧಿಗೆ ಸೇರಿಸಲಾಯಿತು. ಅವರ ವಂತಿಗೆಗೆ 15,000 ರೂಪಾಯಿಯ ವೇತನ ಮಿತಿ ಇಲ್ಲ. ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದ್ದು, ಅಲ್ಲಿಂದ ನಿಯೋಜಿತರಾಗಿ ಬಂದವರು ತಮ್ಮ ದೇಶದ ಪ್ರಮಾಣಪತ್ರ ತೋರಿಸಿ ವಿನಾಯಿತಿ ಪಡೆಯಬಹುದು. ಈ ವಿಶೇಷ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 25ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ನೇಪಾಳ ಮತ್ತು ಭೂತಾನ್ ಪ್ರಜೆಗಳ ಸ್ಥಿತಿ ಭಿನ್ನ. 1950ರ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದ ಹಾಗೂ 2007ರ ಭಾರತ–ಭೂತಾನ್ ಮೈತ್ರಿ ಒಪ್ಪಂದಗಳ ಕಾರಣ ಭವಿಷ್ಯ ನಿಧಿಯಲ್ಲಿ ಅವರನ್ನು ಭಾರತೀಯ ಕಾರ್ಮಿಕರಂತೆಯೇ ಪರಿಗಣಿಸಲಾಗುತ್ತದೆ. ಆದರೆ ಅಟಲ್ ಪಿಂಚಣಿ ಯೋಜನೆ ಭಾರತೀಯ ಪ್ರಜೆಗಳಿಗೆ ಸೀಮಿತ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಎಂದು ಅದರ ಕಾಯ್ದೆಯೇ ಹೇಳುತ್ತದೆ.

ತೊಡಕುಗಳು

ದಾಖಲೆಗಳಲ್ಲಿನ ಹೆಸರು ಮತ್ತು ಜನ್ಮದಿನಾಂಕದ ವ್ಯತ್ಯಾಸ ಹಕ್ಕು ಸಾಧನೆಗೆ ಎದುರಾಗುವ ದೊಡ್ಡ ಅಡ್ಡಿ. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಕಾಗುಣಿತವಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಊರಿಗೆ ಹೋದಾಗ ಮೊಬೈಲ್ ಸಂಖ್ಯೆ ಬದಲಿಸುವವರಿಗೆ ದೃಢೀಕರಣದ ಸಂದೇಶ ಬರುವುದಿಲ್ಲ. ಹೊಸ ತೋಟಕ್ಕೆ ಹೋದಾಗ ಹಳೆಯ ಸಂಖ್ಯೆ ತಿಳಿಸದೆ ಹೊಸದನ್ನು ಪಡೆದರೆ ಸೇವೆ ಎರಡು ಖಾತೆಗಳಲ್ಲಿ ಹರಿದುಹೋಗುತ್ತದೆ.

ಭಾಷೆ ಮತ್ತೊಂದು ತೊಡಕು. ಕಾರ್ಮಿಕರ ಮಾತು ಅಸ್ಸಾಮಿ, ಬಂಗಾಳಿ, ಸಾದ್ರಿ ಅಥವಾ ಹಿಂದಿ. ತೋಟದ ರೈಟರು ಮತ್ತು ಆಸ್ಪತ್ರೆಯ ಸಿಬ್ಬಂದಿಯ ವ್ಯವಹಾರ ಕನ್ನಡದಲ್ಲಿ. ಭೌಗೋಳಿಕ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ದಾರಿ ಚಾರ್ಮಾಡಿ ಘಾಟಿಯ ಮೂಲಕ ಸಾಗುತ್ತದೆ. 2019ರ ಆಗಸ್ಟ್‌ನ ಮಳೆಯಲ್ಲಿ ಭೂಕುಸಿತದಿಂದ ಆ ದಾರಿಯೇ ಮುಚ್ಚಿತ್ತು. ಶಿಫಾರಸು ಪತ್ರ, ಕಾರ್ಡು ಮತ್ತು ನೋಂದಾಯಿತ ಆಸ್ಪತ್ರೆಯ ಮಾಹಿತಿಯನ್ನು ಕಾಯಿಲೆ ಬರುವ ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳುವುದಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ವಂತಿಗೆಯ ಕಡಿತ ಆ ವಾರದ ಕೂಲಿಯನ್ನು ಕಡಿಮೆ ಮಾಡುವುದರಿಂದ ಕೆಲವು ಕಾರ್ಮಿಕರೇ ಅದನ್ನು ಬೇಡವೆನ್ನುವುದುಂಟು. ಊರಿಗೆ ಹಣ ಕಳಿಸಬೇಕಾದವರಿಗೆ ಮೂವತ್ತು ವರ್ಷಗಳಾಚೆಯ ಪಿಂಚಣಿಗಿಂತ ಇಂದಿನ ಕೂಲಿ ಹೆಚ್ಚು ತುರ್ತಾಗಿ ಕಾಣುತ್ತದೆ. ಆದರೆ ಕಾನೂನಿನ ಪ್ರಕಾರ ಕಡ್ಡಾಯ ವ್ಯಾಪ್ತಿಯ ತೋಟದಲ್ಲಿ 15,000 ರೂಪಾಯಿವರೆಗಿನ ವೇತನದ ಕಾರ್ಮಿಕನು ಬೇಡವೆಂದರೂ ಮಾಲೀಕರ ಹೊಣೆ ತಪ್ಪುವುದಿಲ್ಲ.